ಮೇಲಿನ ಟಿವಿ, ಕೆಳಗಿನ ಟಿವಿ

ಅಣ್ಣ ಕೆಳಗಿನ ಮನೆಯಲ್ಲಿದ್ದ, ತಮ್ಮ ಮೇಲಿನ ಮನೆಯಲ್ಲಿ. ನಡುವೆ ಹದಿನೆಂಟು ಮೆಟ್ಟಿಲು. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಮೂವತ್ತೆರಡು ವರ್ಷ ಎತ್ತರದ ಕಟ್ಟಡಗಳಲ್ಲಿ ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆದು ನಿವೃತ್ತನಾಗಿದ್ದ. ತಮ್ಮ ಕರಡು ತಿದ್ದುವವ. ಮುದ್ರಣಾಲಯದಿಂದ ಬರುವ ಪುಟಗಳನ್ನು ಮನೆಯಲ್ಲೇ ಕೂತು ಓದಿ, ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕಳಿಸುವುದು ಅವನ ಕೆಲಸ. ಅವನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅವನು ಕೊಡುತ್ತಿದ್ದ ಉತ್ತರದಲ್ಲಿ ವ್ಯಾಕರಣ ದೋಷವಿರಲಿಲ್ಲ, ಉತ್ತರವೂ ಇರಲಿಲ್ಲ.

ಜಗಳ ಹುಟ್ಟಿದ್ದು ಅಣ್ಣನ ಮಗಳ ಮದುವೆಯ ಕರೆಯೋಲೆಯಿಂದ. ಅಣ್ಣ ಅದನ್ನು ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ಎಲ್ಲರಿಗೂ ಹಂಚಿ, ಕೊನೆಗೆ ಮೇಲಿನ ಮನೆಗೂ ಒಂದು ಕೊಟ್ಟು ಬಂದ. ಮರುದಿನ ಬೆಳಿಗ್ಗೆ ಅದು ಬಾಗಿಲ ಸಂದಿಯಿಂದ ಒಳಗೆ ಬಂದು ಬಿದ್ದಿತ್ತು. ಇಪ್ಪತ್ತೆರಡು ಕಡೆ ಕೆಂಪು ಗುರುತು. ‘ಹಾರ್ದಿಕ ಸ್ವಾಗತ’ ಎಂದಿರಬೇಕಾದಲ್ಲಿ ‘ಆರ್ಥಿಕ ಸ್ವಾಗತ’ ಎಂದಿತ್ತು. ‘ಆಶೀರ್ವದಿಸಿ’ ಎಂಬುದು ‘ಆರ್ಶೀವದಿಸಿ’ ಆಗಿತ್ತು. ಅಂಚಿನಲ್ಲಿ, ‘ತಿದ್ದಿದ ಮೇಲೆ ಇನ್ನೊಮ್ಮೆ ತೋರಿಸಿ’ ಎಂಬ ಸೂಚನೆ.

“ಕರೆದಿದ್ದು ಊಟಕ್ಕೆ, ತಿದ್ದೋಕಲ್ಲ!” ಎಂದು ಅಣ್ಣ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ.

“ಹಂಚೋ ಮೊದಲು ತೋರಿಸಿದ್ರೆ ಬರೀ ಊಟಕ್ಕೆ ಬರ್ತಿದ್ದೆ,” ಎಂದು ಮೇಲಿನಿಂದ ಉತ್ತರ ಬಂತು.

ತಮ್ಮ ಮದುವೆಗೆ ಬಂದ, ಉಂಡ, ಹೋದ. ಅಂದಿನಿಂದ ಮಾತಿಲ್ಲ. ಮಾತು ಬಿಟ್ಟರೂ ಇಂಟರ್ನೆಟ್ ಬಿಟ್ಟಿರಲಿಲ್ಲ. ಮೆಟ್ಟಿಲು ತಿರುಗುವ ಗೋಡೆಯ ಮೇಲೆ ಎರಡೂ ಮನೆಗೆ ಸೇರಿದ ಒಂದೇ ವೈಫೈ ಪೆಟ್ಟಿಗೆ ಮಿನುಗುತ್ತಿತ್ತು. ಎರಡು ಮನೆಯ ಟಿವಿಗಳೂ ಅವಳಿಜವಳಿ. ಮಾತಾಡುತ್ತಿದ್ದ ಕಾಲದಲ್ಲಿ ಇಬ್ಬರೂ ಒಂದೇ ಅಂಗಡಿಗೆ ಹೋಗಿ, ಒಂದೇ ದಿನ, ಒಂದೇ ಗಾಡಿಯಲ್ಲಿ ಹೇರಿಸಿಕೊಂಡು ತಂದಿದ್ದರು.

ಅಣ್ಣನ ಹೆಂಡತಿಯನ್ನು ಬೀದಿಯಲ್ಲಿ, ತರಕಾರಿ ಅಂಗಡಿಯಲ್ಲಿ, ಬಟ್ಟೆ ಇಸ್ತ್ರಿ ಮಾಡುವವನ ಹತ್ತಿರ, ಎಲ್ಲ ಕಡೆ ‘ಅತ್ತಿಗೆ’ ಎಂದೇ ಕರೆಯುತ್ತಿದ್ದರು. ತಮ್ಮ ಕರೆಯುವುದನ್ನು ಕೇಳಿ ಕೇಳಿ ಎಲ್ಲರಿಗೂ ರೂಢಿಯಾದದ್ದು. ಈಗ ಹಾಗೆ ಕರೆಯದವನು ತಮ್ಮನೊಬ್ಬನೇ.

ಆ ವರ್ಷ ಅಣ್ಣನ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟದವರೆಗೆ ಏರಿ ಅಲ್ಲೇ ನಿಂತುಬಿಡುತ್ತಿತ್ತು.

“ನಾಲ್ಕನೇ ಮಹಡಿಗೆ ಬಂದು ನಿಂತ್ಕೊಳ್ಳುತ್ತೆ, ಮೇಲೆ ಹೋಗಲ್ಲ,” ಎಂದು ಅವನು ಡಾಕ್ಟರಿಗೆ ವಿವರಿಸಿದ. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ವ್ಯಾಯಾಮ ಮಾಡದಿದ್ದರೆ ಮೂರನೆಯದಕ್ಕೆ ಇಳಿಯುತ್ತದೆ ಎಂದರು.

ಬೇರೆ ಊರಿನಲ್ಲಿ ನರ್ಸ್ ಆಗಿದ್ದ ಮಗಳು ತನ್ನ ಹಳೆಯ ಟ್ಯಾಬ್ ಕಳಿಸಿಕೊಟ್ಟಳು. ಭುಜದ ವ್ಯಾಯಾಮ ಹೇಳಿಕೊಡುವ ಒಬ್ಬ ಹೆಂಗಸಿನ ಇಪ್ಪತ್ತೊಂದು ಪಾಠಗಳನ್ನು ಹುಡುಕಿ ಅದರಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಳು. ಆದರೆ ಗೋಡೆಗೆ ಅಂಟಿ ನಿಂತು ಕೈ ಎತ್ತುವವನಿಗೆ, ಮೇಜಿನ ಮೇಲಿನ ಟ್ಯಾಬ್‌ನಲ್ಲಿ ಆ ಹೆಂಗಸು ಗೋಡಂಬಿಯಷ್ಟು ಕಾಣುತ್ತಿದ್ದಳು.

“ಟಿವಿಗೆ ಹಾಕ್ಕೊಳ್ಳಮ್ಮಾ,” ಎಂದಳು ಮಗಳು ಫೋನಿನಲ್ಲಿ. “ವಿಡಿಯೋ ಮೇಲೆ ಮೂಲೇಲಿ ಒಂದು ಚೌಕ ಇದೆ ನೋಡು, ಅದರೊಳಗೆ ಮೂರು ಗೆರೆ. ಅದನ್ನ ಒತ್ತು. ಟಿವಿ ಹೆಸರು ಬರುತ್ತೆ. ಹೆಸರು ಒತ್ತಿದ್ರೆ ಟಿವಿ ತಾನೇ ಆನ್ ಆಗುತ್ತೆ, ವಿಡಿಯೋ ಅಲ್ಲಿ ಓಡುತ್ತೆ.”

“ಎರಡು ಹೆಸರು ಬಂತಲ್ಲೇ.”

“ಏನೇನು?”

“ಎರಡೂ ಒಂದೇ.”

“ಹಾಗಾದ್ರೆ ಯಾವುದಾದ್ರೂ ಒತ್ತು.”

ಅತ್ತಿಗೆ ಮೊದಲನೆಯದನ್ನು ಒತ್ತಿದಳು. ಅಣ್ಣ ಬನಿಯನ್ ತೊಟ್ಟು ಗೋಡೆಯ ಮುಂದೆ ಸಿದ್ಧನಾಗಿ ನಿಂತಿದ್ದ. ಟಿವಿ ಕಪ್ಪಾಗಿಯೇ ಇತ್ತು. ಚಾವಣಿಯ ಮೇಲಿನಿಂದ ಅಶರೀರವಾಣಿಯೊಂದು ಕೇಳಿಸಿತು: “ನಮಸ್ಕಾರ. ನೇರವಾಗಿ ನಿಂತುಕೊಳ್ಳಿ. ಬಲಗೈಯನ್ನು ನಿಧಾನವಾಗಿ ಮೇಲೆತ್ತಿ. ಉಸಿರು ಬಿಗಿಹಿಡಿಯಬೇಡಿ.”

ಅಣ್ಣ ಕೈ ಎತ್ತಿದ. “ಚಿತ್ರ ಬರ್ತಿಲ್ಲ, ಬರೀ ಸದ್ದು,” ಎಂದ.

“ಸದ್ದೂ ನಮ್ದಲ್ಲ,” ಎಂದಳು ಅತ್ತಿಗೆ, ಚಾವಣಿ ನೋಡುತ್ತ.

ಮೇಲೆ ತಮ್ಮ ಆ ಹೊತ್ತಿಗೆ ಶಾಲೆಯ ಭೂಗೋಳ ಪುಸ್ತಕದ ನೂರಹನ್ನೆರಡನೆಯ ಪುಟದಲ್ಲಿದ್ದ. ಬೆನ್ನ ಹಿಂದೆ ಟಿವಿ ತಾನಾಗಿ ಹೊತ್ತಿಕೊಂಡು, ಒಬ್ಬ ಹೆಂಗಸು ನೇರವಾಗಿ ನಿಂತುಕೊಳ್ಳಿ ಎಂದಳು. ಅವನು ನಿಂತ. ಬಲಗೈ ಮೇಲೆತ್ತಿ ಎಂದಳು. ಬಲಗೈಯಲ್ಲಿ ಪೆನ್ನಿತ್ತು. ಅದನ್ನು ಎಡಗೈಗೆ ಬದಲಿಸಿದ. ಆಮೇಲೆ ತಾನೇನು ಮಾಡುತ್ತಿದ್ದೇನೆ ಎಂಬುದು ಹೊಳೆದು, ರಿಮೋಟ್ ಹುಡುಕಿ ಆರಿಸಿದ.

ಎರಡನೆಯ ಹೆಸರು ಒತ್ತಿದಾಗ ಪಾಠ ಕೆಳಗೆ ಬಂತು. ಆದರೆ ಟ್ಯಾಬ್‌ಗೆ ಅದರದೇ ಮರ್ಜಿ. ಇವತ್ತು ಮೇಲಿದ್ದ ಹೆಸರು ನಾಳೆ ಕೆಳಗಿರುತ್ತಿತ್ತು. ಹೀಗಾಗಿ ವಾರಕ್ಕೆ ಮೂರು ದಿನ ಅಣ್ಣನ ಭುಜದ ಪಾಠ ತಮ್ಮನ ಮನೆಯಲ್ಲಿ ನಡೆಯುತ್ತಿತ್ತು. ಟಿವಿಗೆ ಬೇರೆ ಹೆಸರು ಇಟ್ಟುಕೊಳ್ಳಬಹುದು ಎಂದಳು ಮಗಳು. ಇಟ್ಟುಕೊಳ್ಳುವುದಾದರೆ ಮೇಲಿನವನು ಇಟ್ಟುಕೊಳ್ಳಲಿ, ಹಿರಿಯ ನಾನು ಎಂದು ಅಣ್ಣ ಪಟ್ಟು ಹಿಡಿದ.

ಎರಡನೆಯ ವಾರ ವೈಫೈ ಪೆಟ್ಟಿಗೆಯ ಪಕ್ಕ ಒಂದು ಚೀಟಿ ಅಂಟಿತ್ತು. ‘ಕೆಳಮನೆಯವರ ಗಮನಕ್ಕೆ: ತಮ್ಮ ವ್ಯಾಯಾಮವು ದಿನ ಬಿಟ್ಟು ದಿನ ನನ್ನ ಟಿವಿಯಲ್ಲಿ ನಡೆಯುತ್ತಿದೆ. ಅದನ್ನು ತಮ್ಮ ಟಿವಿಯಲ್ಲೇ ನಡೆಸಿಕೊಳ್ಳತಕ್ಕದ್ದು. ಇಂತಿ, ಮೇಲ್ಮನೆಯವರು.’

ಅಣ್ಣ ಎಡಗೈಯಲ್ಲಿ ಅದರ ಕೆಳಗೇ ಬರೆದ: ‘ಅದು ನಮ್ಮ ತಪ್ಪಲ್ಲ. ಎರಡು ಟಿವಿ ಒಂದೆ ತರ ಇದ್ದಾವೆ. ಯಂತ್ರದ ದೋಶ.’

ಸಂಜೆಯ ಹೊತ್ತಿಗೆ ಆ ಮೂರು ವಾಕ್ಯಗಳಿಗೆ ನಾಲ್ಕು ಕೆಂಪು ಗುರುತು ಬಿದ್ದಿದ್ದವು. ‘ದೋಶ’ದ ‘ಶ’ದ ಹೊಟ್ಟೆ ಸೀಳಿ ಪಕ್ಕದಲ್ಲಿ ‘ಷ’ ಬರೆದಿತ್ತು. ವಿಷಯದ ಬಗ್ಗೆ ಒಂದಕ್ಷರವಿಲ್ಲ.

ಅಣ್ಣ ಚೀಟಿ ಕಿತ್ತು ತಂದು ಹೆಂಡತಿಗೆ ತೋರಿಸಿದ. “ನೋಡು, ಮತ್ತೆ ಶುರು ಮಾಡಿದ.”

“‘ದೋಷ’ಕ್ಕೆ ಷ-ನೇ ಅಲ್ವೇನ್ರೀ?”

“ನೀನು ಯಾರ ಕಡೆ?”

ಮರುದಿನದಿಂದ ಅಣ್ಣನಿಗೆ ಯಾವ ಹೆಸರು ಮೇಲಿನದು ಎಂಬುದು ಚೆನ್ನಾಗಿಯೇ ತಿಳಿಯತೊಡಗಿತು. ಮೊದಲು ಒತ್ತಿ ನೋಡುವುದು, ಕಿವಿಗೊಟ್ಟು ಕೇಳುವುದು. ತನ್ನ ವ್ಯಾಯಾಮ ಕೆಳಗೆ ಮುಗಿದ ಮೇಲೆ, ಹತ್ತು ಗಂಟೆಗೆ ಸರಿಯಾಗಿ ‘ಲಿಫ್ಟ್ ಹಳಿಗಳಿಗೆ ಎಣ್ಣೆ ಹಾಕುವ ಕ್ರಮ, ಭಾಗ ಒಂದು’ ಎಂಬ ಮೂವತ್ತೆಂಟು ನಿಮಿಷದ ವಿಡಿಯೋವನ್ನು ಮೇಲಕ್ಕೆ ಕಳಿಸುತ್ತಿದ್ದ. ಮೇಲೆ ಟಿವಿ ಆರುತ್ತಿತ್ತು. ಮತ್ತೆ ಕಳಿಸುತ್ತಿದ್ದ. ಮತ್ತೆ ಆರುತ್ತಿತ್ತು. ಕೈ ಸೋಲುವವರೆಗೆ ಇದು ನಡೆಯುತ್ತಿತ್ತು. ಬೆರಳಿಗೆ ಭುಜದ ನೆರವು ಬೇಕಿರಲಿಲ್ಲವಾದ್ದರಿಂದ ಬೇಗ ಸೋಲುತ್ತಿರಲಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ತಮ್ಮನೂ ತನ್ನ ಫೋನಿನಲ್ಲಿ ಆ ಮೂಲೆಯ ಚೌಕವನ್ನು ಪತ್ತೆ ಹಚ್ಚಿದ. ಒಂದು ಭಾನುವಾರ ಅಣ್ಣ ಪಂದ್ಯ ನೋಡುತ್ತಿದ್ದಾಗ, ಕೊನೆಯ ಕ್ಷಣದಲ್ಲಿ ಆಟಗಾರರೆಲ್ಲ ಮಾಯವಾಗಿ, ಕರಿಹಲಗೆಯ ಮುಂದೆ ನಿಂತ ಮೇಷ್ಟ್ರೊಬ್ಬರು “ಮಕ್ಕಳೇ, ಇಂದು ಅಲ್ಪಪ್ರಾಣ ಮತ್ತು ಮಹಾಪ್ರಾಣ” ಎಂದರು. ಅಣ್ಣನಿಗೆ ಅರವತ್ತೆರಡು, ತಮ್ಮನಿಗೆ ಅರವತ್ತು.

ಅತ್ತಿಗೆ ಇದನ್ನೆಲ್ಲ ಎರಡು ವಾರ ಸಹಿಸಿದಳು. ಆಮೇಲೆ ಒಂದು ದಿನ ನಾಲ್ಕು ಗಂಟೆಯ ಅವಳ ಧಾರಾವಾಹಿಯಲ್ಲಿ, ಹನ್ನೊಂದು ಕಂತಿನಿಂದ ಮುಚ್ಚಿಯೇ ಇದ್ದ ಪತ್ರವನ್ನು ಸೊಸೆ ಒಡೆದು ಓದಲು ಬಾಯಿ ತೆರೆದಾಗ, ಮೇಷ್ಟ್ರು ಬಂದು “ಶ, ಷ, ಸ” ಎಂದರು.

ಅವಳು ರಿಮೋಟನ್ನು ಗಂಡನ ತೊಡೆಯ ಮೇಲೆ ಇಟ್ಟಳು. “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಅಣ್ಣ ತಮ್ಮನ ಜಗಳದಲ್ಲಿ ನಾನು ಬಡವಾದೆ. ಮೇಲೆ ಹೋಗಿ ಒಂದು ಮಾತು ಆಡಿ ಬನ್ನಿ.”

“ಅವನೇ ಇಳಿದು ಬರಲಿ.”

“ಇಳಿಯೋದು ಸುಲಭ ಅಂತಾನಾ?”

ಆ ಪತ್ರದಲ್ಲಿ ಏನಿತ್ತು ಎಂಬುದನ್ನು ಅತ್ತಿಗೆ ಇಸ್ತ್ರಿಯವನನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.

ಅದಾದ ಮೇಲಿನ ಮಂಗಳವಾರ, ಹತ್ತು ಗಂಟೆಗೆ, ಅಣ್ಣ ಎಂದಿನಂತೆ ಎಣ್ಣೆಯ ವಿಡಿಯೋ ಮೇಲಕ್ಕೆ ಕಳಿಸಿದ. ಕಳಿಸಿ ಹತ್ತು ಎಣಿಸುವುದು ವಾಡಿಕೆ. ಅಷ್ಟರಲ್ಲಿ ಸದ್ದು ನಿಲ್ಲುತ್ತಿತ್ತು. ಅಂದು ನಲವತ್ತರವರೆಗೆ ಎಣಿಸಿದ. ನಿಲ್ಲಲಿಲ್ಲ.

“ಬುದ್ಧಿ ಬಂತು. ಕಲೀತಾ ಇದಾನೆ,” ಎಂದು ಪೇಪರ್ ಬಿಡಿಸಿದ.

ಭಾಗ ಒಂದು ಮುಗಿಯಿತು. ಟ್ಯಾಬ್ ತಾನಾಗಿ ಭಾಗ ಎರಡನ್ನು ಶುರುಮಾಡಿತು. ಅತ್ತಿಗೆ ಸೊಪ್ಪು ಬಿಡಿಸುತ್ತ ಕೂತಿದ್ದಳು.

“ರೀ, ಎರಡನೇದೂ ಅರ್ಧ ಆಯ್ತು.”

“ಹೊರಗೆ ಹೋಗಿರ್ತಾನೆ.”

“ಚಪ್ಪಲಿ ಬಾಗಿಲಲ್ಲೇ ಇದೆ. ಬಟ್ಟೆ ಒಣಹಾಕೋಕೆ ಹೋದಾಗ ನೋಡಿದೆ.”

“ಹಾಗಾದ್ರೆ ಕೂತು ಕೇಳ್ತಿರ್ತಾನೆ ಬಿಡು.”

“ಆ ವಿಡಿಯೋದವನು ಒಂದು ‘ಹ’ ಅಕ್ಷರಾನೂ ನೆಟ್ಟಗೆ ಹೇಳಲ್ಲ. ಎಲ್ಲಾ ನುಂಗ್ತಾನೆ. ನಿಮ್ಮ ತಮ್ಮ ಅದನ್ನ ಒಂದು ಗಂಟೆ ಸುಮ್ನೆ ಕೇಳೋ ಮನುಷ್ಯನಾ?”

ಅಣ್ಣ ಪೇಪರ್ ಕೆಳಗಿಟ್ಟ. ಸ್ವಲ್ಪ ಹೊತ್ತು ಚಾವಣಿ ನೋಡಿದ. ಆಮೇಲೆ ಎದ್ದು, ಬನಿಯನ್ ಮೇಲೆ ಅಂಗಿ ತೊಟ್ಟುಕೊಂಡ. ಮೂರು ವರ್ಷದ ಮೇಲೆ ಹೋಗುತ್ತಿರುವುದರಿಂದ ಅಂಗಿ ಬೇಕು ಎನಿಸಿರಬೇಕು. ಬಲತೋಳು ತೂರಿಸುವುದು ತಡವಾದಾಗ, ಅರ್ಧ ತೊಟ್ಟ ಅಂಗಿಯಲ್ಲೇ ಮೆಟ್ಟಿಲು ಹತ್ತಿದ.

ಬಾಗಿಲು ಬಡಿದರೆ ಉತ್ತರವಿಲ್ಲ. ಒಳಗಿನಿಂದ ಟಿವಿ ಮಾತ್ರ ಗಂಟಲು ಹರಿದುಕೊಳ್ಳುತ್ತಿತ್ತು: “ಈಗ ಅಳಿಯ ಎರಡೂ ಬದಿಗೆ ಎಣ್ಣೆ ಸವರಿ. ಅಳಿಯ ಮೇಲೆ ಧೂಳು ಕೂರದಂತೆ ನೋಡಿಕೊಳ್ಳಿ.”

“ನನ್ನ ಪೆಟ್ಟಿಗೇಲಿ ತೆಳ್ಳನೆ ಉಕ್ಕಿನ ಪಟ್ಟಿ ಇದೆ, ತಗೊಂಡ್ಬಾ,” ಎಂದ ಅಣ್ಣ. ಅತ್ತಿಗೆ ಓಡಿಹೋಗಿ ತಂದಳು. ಎಳೆದುಕೊಂಡರೆ ತಾನೇ ಬೀಳುವ ಬೀಗ ಅದು. ಅಣ್ಣ ಪಟ್ಟಿಯನ್ನು ಸಂದಿಗೆ ತೂರಿಸಿ, ಎಡಗೈಯಿಂದ ಒಮ್ಮೆ ಮೀಟಿದ, ಎರಡು ಸಲ ಮೀಟಿದ. ಮೂರನೆಯ ಸಲಕ್ಕೆ ಬಾಗಿಲು ಬಿಟ್ಟುಕೊಂಡಿತು.

ಮೇಜಿನ ಮೇಲೆ ತೆರೆದ ಕರಡು, ಮುಚ್ಚಳ ಹಾಕದ ಕೆಂಪು ಪೆನ್ನು, ಫೋನು. ಮನುಷ್ಯ ಇಲ್ಲ. ಬಚ್ಚಲಮನೆಯ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು, ಅದರಾಚೆ ಏನಕ್ಕೋ ತಗುಲಿ ನಿಂತಿತ್ತು.

ಅಣ್ಣ ಆ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದ. ಮೂವತ್ತೆರಡು ವರ್ಷ ತೆರೆಯದ ಬಾಗಿಲುಗಳ ಮುಂದೆ ನಿಂತು ಏನು ಕೂಗುತ್ತಿದ್ದನೋ ಅದೇ ಬಾಯಿಗೆ ಬಂತು.

“ಗಾಬರಿ ಆಗ್ಬೇಡಿ! ಒಳಗೆ ಎಷ್ಟು ಜನ ಇದ್ದೀರಿ?”

“ಮೊದಲು ಆ ಟಿವಿ ಆಫ್ ಮಾಡಿ,” ಎಂದಿತು ತಮ್ಮನ ದನಿ.

ಅತ್ತಿಗೆ ಆಫ್ ಮಾಡಿದಳು.

“ಒಬ್ಬನೇ,” ಎಂದ ತಮ್ಮ.

ಒಂಬತ್ತೂವರೆಗೆ ಸ್ನಾನ ಮುಗಿಸಿ ಹೊರಡುವಾಗ ಕಾಲು ಜಾರಿತ್ತು. ಪಾದ ಒಂದು ಕಡೆ, ಅವನು ಒಂದು ಕಡೆ ತಿರುಗಿ, ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದ. ಏಳಲು ಆಗಲಿಲ್ಲ, ಸರಿಯಲೂ ಆಗಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದು.

“ಕೂಗೋಕೇನಾಗಿತ್ತು ನಿಂಗೆ?” ಎಂದ ಅಣ್ಣ ಸಂದಿಯಿಂದ.

“ಅರ್ಧ ಗಂಟೆ ಕೂಗಿದೆ. ಯಾರೂ ಕೇಳಿಸ್ಕೊಳ್ಳಲಿಲ್ಲ. ಆಮೇಲೆ ಹತ್ತು ಗಂಟೆಗೆ ನಿನ್ನ ಲಿಫ್ಟ್ ಬಂತು. ಅದರ ಮುಂದೆ ನನ್ನ ದನಿ ಎಲ್ಲಿ?” ತಮ್ಮ ಉಸಿರು ತೆಗೆದುಕೊಂಡ. “ಅಷ್ಟೊತ್ತಿಂದ ಅಳಿಯನಿಗೆ ಎಣ್ಣೆ ಹಚ್ತಾನೇ ಇದಾನೆ. ಹಳಿ ಅನ್ನೋಕೆ ಬರಲ್ವಾ ಅವನಿಗೆ?”

“ಈಗ ಅದು ಬಿಡು. ಒಂದು ಗೇಣು ಸರಿದ್ರೆ ಸಾಕು, ಬಾಗಿಲು ಬಿಡುತ್ತೆ. ಎಡಗೈ ನೆಲಕ್ಕೆ ಊರು. ನಿಧಾನಕ್ಕೆ ಸೊಂಟ ಎತ್ತು. ಉಸಿರು ಬಿಗಿ ಹಿಡೀಬೇಡ.”

“ಗೊತ್ತು. ದಿನಾ ಕೇಳಿದೀನಿ.”

ಅವನು ಸರಿದ. ಸರಿಯುವಾಗ ಬಾಯಿಂದ ಬಂದ ಮಾತು ಯಾವ ನಿಘಂಟಿನಲ್ಲೂ ಇರಲಿಲ್ಲ. ಬಾಗಿಲು ಇನ್ನೊಂದು ಗೇಣು ತೆರೆದುಕೊಂಡಿತು. ಅಣ್ಣ ಅಡ್ಡಡ್ಡ ನುಗ್ಗಿ, ಮೊದಲು ಟವೆಲ್ ಸರಿಪಡಿಸಿ, ಆಮೇಲೆ ಅವನ ಕಂಕುಳಿಗೆ ಕೈ ಹಾಕಿದ. ಹಾಕಿದ್ದು ಯಾವ ಕೈ ಎಂದು ಆ ಹೊತ್ತಿನಲ್ಲಿ ಯಾರೂ ನೋಡಲಿಲ್ಲ. ಸಂಜೆ ನೋವು ಶುರುವಾದಾಗ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಪಾದದ ಗಂಟಿನ ಮೂಳೆ ಮುರಿದಿದೆ ಎಂದರು. ದಾಖಲು ಮಾಡಿಕೊಳ್ಳುವಾಕೆ ಕೇಳಿದಳು, “ರೋಗಿಗೆ ನೀವೇನಾಗ್ಬೇಕು?”

“ಕೆಳಗಿನ ಮನೆಯವರು,” ಎಂದ ಅಣ್ಣ.

“ಸ್ವಂತ ಅಣ್ಣ ಅಂತ ಬರ್ಕೊಳ್ಳಮ್ಮಾ,” ಎಂದಳು ಅತ್ತಿಗೆ.

ಉಳಿದ ಕಾಗದವನ್ನು ಅಣ್ಣನೇ ತುಂಬಿದ. ಏನಾಯಿತು ಎಂಬ ಜಾಗದಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದಿದಾರೆ, ಬಲ ಪಾದಕ್ಕೆ ಪೆಟ್ಟಾಗಿದೆ, ಬಹಳ ನೊವು’ ಎಂದು ಬರೆದು, ಸಹಿ ಹಾಕಿಸಲು ಗಾಲಿ ಮಂಚದ ಮೇಲಿದ್ದ ತಮ್ಮನ ಮುಂದೆ ಹಿಡಿದ. ತಮ್ಮ ಪೂರ್ತಿ ಓದಿದ. ಕಣ್ಣು ಒಂದೆಡೆ ನಿಂತಿತು. ಅಣ್ಣನೂ ಆ ಕಣ್ಣನ್ನೇ ನೋಡಿದ. ತಮ್ಮ ಸಹಿ ಹಾಕಿ ಕಾಗದ ವಾಪಸು ಕೊಟ್ಟ.

ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು, ಮೆಟ್ಟಿಲು ಹತ್ತುವಂತಿಲ್ಲ. ಹಾಗಾಗಿ ತಮ್ಮನ ಮಂಚ ಕೆಳಗಿನ ಮನೆಯ ಹಾಲ್‌ಗೆ, ಟಿವಿಯ ಎದುರಿಗೇ ಬಂತು. ಜೊತೆಗೆ ಕರಡುಗಳೂ ಬಂದವು.

ಬೆಳಿಗ್ಗೆ ಅಣ್ಣ ಗೋಡೆಗೆ ನಿಂತು ಕೈ ಎತ್ತುತ್ತಿದ್ದ. ತಮ್ಮ ಮಂಚದಿಂದಲೇ “ಮೊಣಕೈ ಮಡಚ್ಕೊಳ್ತಿದೀಯ. ಹದಿಮೂರನೇ ಪಾಠದಲ್ಲಿ ಮಡಚಬೇಡಿ ಅಂತ ಎರಡು ಸಲ ಹೇಳಿದಾರೆ” ಎನ್ನುತ್ತಿದ್ದ. ಹತ್ತು ಗಂಟೆಗೆ ಮಗಳು ಹುಡುಕಿ ಕಳಿಸಿದ ಕಾಲ್ಬೆರಳಿನ ವ್ಯಾಯಾಮ ಇರುತ್ತಿತ್ತು. ಆಗ ಅಣ್ಣನ ಸರದಿ. “ಹೆಬ್ಬೆರಳು ಅಲ್ಲಾಡ್ತಿಲ್ಲ. ಮೋಟರ್‌ಗೆ ಕರೆಂಟೇ ಬರ್ತಿಲ್ಲ ಅನ್ಸುತ್ತೆ.” ಕರೆಯೋಲೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಜಗಳವಾಡಲು ಹೊಸ ವಿಷಯಗಳು ಬೇಕಾದಷ್ಟಿದ್ದವು: ಫ್ಯಾನಿನ ವೇಗ, ಪೇಪರಿನ ಮೊದಲ ಪುಟ ಯಾರಿಗೆ, ಪಂದ್ಯವೋ ವಾರ್ತೆಯೋ.

ನಾಲ್ಕು ಗಂಟೆಗೆ ಅತ್ತಿಗೆ ಟ್ಯಾಬ್ ಎತ್ತಿಕೊಂಡು, ತಮ್ಮನ ಮನೆಯ ಕೀಲಿಕೈ ತೆಗೆದುಕೊಂಡು ಮೇಲೆ ಹೋಗುತ್ತಿದ್ದಳು. ಮೊದಲ ದಿನ ಗಿಡಕ್ಕೆ ನೀರು ಹಾಕಿ ಬರುತ್ತೇನೆ ಎಂದು ಹೋದಳು. ತಮ್ಮನ ಮನೆಯಲ್ಲಿ ಗಿಡ ಇರಲಿಲ್ಲ. ಅವನ ಕುರ್ಚಿಯಲ್ಲಿ ಕೂತು, ಸ್ಟೂಲಿನ ಮೇಲೆ ಕಾಲು ಚಾಚಿ, ಧಾರಾವಾಹಿಯ ತಪ್ಪಿಹೋದ ಕಂತುಗಳನ್ನೆಲ್ಲ ಒಂದಾದ ಮೇಲೊಂದು ಆ ಟಿವಿಗೆ ಹಾಕಿಕೊಂಡಳು. ಅವು ಮುಗಿದ ಮೇಲೆ ಬೇರೆಯವು ಸಿಕ್ಕವು. ಹಳೆಯ ಗಡಿಯಾರ ಬಿಚ್ಚಿ ಜೋಡಿಸುವ ಒಬ್ಬ ಮುದುಕ, ದೊಡ್ಡ ಹಡಗಿನ ಅಡುಗೆಮನೆ, ಒಂದೇ ಒಂದು ಮಾತಿಲ್ಲದೆ ಹಿಮದಲ್ಲಿ ಹೋಗುವ ರೈಲು. ರೈಲನ್ನು ಅವಳು ಎರಡು ಗಂಟೆ ನೋಡಿದಳು. ಯಾರೂ ನೀರು ಕೇಳಲಿಲ್ಲ.

“ಏನು ನೋಡ್ತೀಯ ಅಷ್ಟೊತ್ತು?” ಎಂದ ಅಣ್ಣ ಒಂದು ದಿನ.

“ರೈಲು.”

“ಎಲ್ಲಿಗೆ ಹೋಗುತ್ತೆ?”

“ಕೇಳಿಲ್ಲ.”

ಪ್ಲಾಸ್ಟರ್ ತೆಗೆದ ಮೇಲೆ ಡಾಕ್ಟರು ಇನ್ನು ಮೆಟ್ಟಿಲು ಹತ್ತಬಹುದು ಎಂದರು. ತಮ್ಮ ಆಮೇಲೂ ಒಂಬತ್ತು ದಿನ ಹಾಲ್‌ನಲ್ಲೇ ಇದ್ದ. ಯಾರೂ ಏನೂ ಕೇಳಲಿಲ್ಲ. ಒಂದು ಬುಧವಾರ ಅವನಾಗಿಯೇ ಕರಡುಗಳನ್ನು ಕಟ್ಟಿ, ಊರುಗೋಲು ಹಿಡಿದು ಹೊರಟ. ಅಣ್ಣ ಒಂದು ಮೆಟ್ಟಿಲು ಬಿಟ್ಟು ಹಿಂದೆಯೇ ಹತ್ತತೊಡಗಿದ.

“ನೀನ್ಯಾಕೆ ಹಿಂದೆ ಬರ್ತಿದೀಯ?”

“ಬಿದ್ರೆ ಹಿಡ್ಕೊಳ್ಳೋಕೆ.”

“ಒಂದು ಕೈಯಲ್ಲಾ?”

“ಒಂದೂವರೆ.”

ಒಂಬತ್ತನೆಯ ಮೆಟ್ಟಿಲಲ್ಲಿ ಇಬ್ಬರೂ ನಿಂತು ದಣಿವಾರಿಸಿಕೊಂಡರು. ಅತ್ತಿಗೆ ಕೆಳಗೆ ಬಾಗಿಲಲ್ಲಿ ನಿಂತಿದ್ದಳು. ಮೂವರಲ್ಲಿ ಮುಖ ಸಣ್ಣದಾಗಿದ್ದದ್ದು ಅವಳೊಬ್ಬಳದೇ. ಅವಳು ಮೇಲೆ ಬಂದು ಕೀಲಿಕೈಯನ್ನು ತಮ್ಮನ ಕಡೆ ಚಾಚಿದಳು.

ತಮ್ಮ ಅದನ್ನು ನೋಡಿದ. ಅವನ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕರಡಿನ ಕಟ್ಟು.

“ನಿಮ್ಮ ಹತ್ರಾನೇ ಇರಲಿ ಅತ್ತಿಗೆ,” ಎಂದ. “ಈಗ ಬಾಗಿಲು ತೆಗೆದುಕೊಟ್ರೆ ಸಾಕು. ನಾಲ್ಕು ಗಂಟೆಗೆ ನಾನು ಹೇಗೂ ಕೆಳಗೇ ಇರ್ತೀನಲ್ಲ.”

“ಯಾರು ಕರೆದ್ರು ನಿನ್ನ?” ಎಂದ ಅಣ್ಣ.

“ಯಾರೂ ಕರೆದಿಲ್ಲ,” ಎಂದ ತಮ್ಮ, ಮುಂದಿನ ಮೆಟ್ಟಿಲಿಗೆ ಊರುಗೋಲು ಇಟ್ಟು.